ನಾಲ್ವರು ಅಕ್ಕತಂಗಿಯರು ಗುಳೇದಗುಡ್ಡಕ್ಕೆ ಬಂದ ಬಗೆ

ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ ಕಾದಂಬರಿಯ ಮೊದಲ ಭಾಗ 1868ರಲ್ಲಿ, ಎರಡನೆಯದು 1869ರಲ್ಲಿ ಪ್ರಕಟವಾದವು. ಎರಡೂ ಸೇರಿ 47 ಅಧ್ಯಾಯಗಳಾಗುವ ಆ ಕಥೆಯನ್ನು ಎರಡು ತಾಸಿನೊಳಗೆ ಮುಗಿಯುವ ಕನ್ನಡ ಚಿತ್ರಕಥೆಯಾಗಿ ನಾನು ಬಾಗಲಕೋಟೆಯಲ್ಲಿ ಕುಳಿತು ಬರೆದೆ. ಲೇಖಕಿ 1888ರಲ್ಲೇ ತೀರಿಕೊಂಡಿದ್ದು, ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯವು ಲೇಖಕರ ಮರಣಾನಂತರ 60 ವರ್ಷಗಳವರೆಗೆ ಮಾತ್ರ ಇರುವುದರಿಂದ ಅನುಮತಿಯ ಪ್ರಶ್ನೆ ಏಳಲಿಲ್ಲ. ಆದರೆ ಇದೇ ಕಾದಂಬರಿಯನ್ನು ಆಧರಿಸಿದ 1994ರ ಮತ್ತು 2019ರ ಚಿತ್ರಗಳಲ್ಲಿ ಹೊಸದಾಗಿ ಸೇರಿದ ಸಂಗತಿಗಳು ಆ ಚಿತ್ರಗಳಿಗೇ ಸೇರಿದವು. ಆದ್ದರಿಂದ ಕಾದಂಬರಿಯೊಂದನ್ನೇ ಎದುರಿಗಿಟ್ಟುಕೊಂಡು ಕೆಲಸ ಮಾಡಿದೆ.

ಮೂಲದಲ್ಲಿ ಹಿರಿತನದ ಕ್ರಮದಲ್ಲಿ ಮೆಗ್, ಕಥೆ ಬರೆಯುವ ಜೋ, ಬೆತ್, ಏಮಿ ಎಂಬ ನಾಲ್ವರು ಅಕ್ಕತಂಗಿಯರು. ಅವರ ತಂದೆ ಅಮೆರಿಕದ ಅಂತರ್ಯುದ್ಧಕ್ಕೆ ಸೈನ್ಯದ ಪಾದ್ರಿಯಾಗಿ ಹೋಗಿರುತ್ತಾನೆ. ನನ್ನ ಕಥೆ ನಡೆಯುವುದು 1943ರಲ್ಲಿ, ಆಗಿನ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ಗುಳೇದಗುಡ್ಡದಲ್ಲಿ, ಖಣ (ರವಿಕೆಯ ಬಟ್ಟೆ) ನೇಯುವವರ ಒಂದು ಮನೆಯಲ್ಲಿ. ತಂದೆ ಚಲೇಜಾವ್ ಚಳವಳಿಯಲ್ಲಿ ಸಿಕ್ಕಿಬಿದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದಾನೆ. ಮೂಲದ ಕ್ರಿಸ್‌ಮಸ್ ಇಲ್ಲಿ ನಾಗರ ಪಂಚಮಿಯಾಯಿತು. ಮನೆಯಲ್ಲಿ ಎಣಿಸಿ ಕಟ್ಟಿದ ಶೇಂಗಾ ಉಂಡಿಗಳನ್ನೇ ಹೆಣ್ಣುಮಕ್ಕಳು ಹಸಿದ ಇನ್ನೊಂದು ಮನೆಗೆ ಒಯ್ದು ಕೊಡುವ ದೃಶ್ಯ ಯಾವ ಶ್ರಮವೂ ಇಲ್ಲದೆ ಹೊಂದಿಕೊಂಡಿತು.

ಹೊಂದಿಕೊಳ್ಳದ್ದು ಕೂದಲಿನ ಪ್ರಸಂಗ. ತಂದೆ ಕಾಯಿಲೆ ಬಿದ್ದ ಸುದ್ದಿ ಬಂದಾಗ, ತಾಯಿಯ ಪ್ರಯಾಣಕ್ಕೆಂದು ಜೋ ತನ್ನ ಕೂದಲನ್ನು 25 ಡಾಲರಿಗೆ ಮಾರಿ ಬರುತ್ತಾಳೆ. 1943ರ ನಮ್ಮ ಊರಿನಲ್ಲಿ ಮದುವೆಯಾಗದ ಹುಡುಗಿ ತಲೆಗೂದಲು ಕತ್ತರಿಸಿಕೊಂಡು ಮನೆಗೆ ಬಂದರೆ, ನೋಡುವವರ ಮನಸ್ಸು ಅವಳ ತ್ಯಾಗದ ಕಡೆಗೆ ಹೋಗುವ ಮೊದಲೇ ಅಪಶಕುನದ ಕಡೆಗೆ ಹೋಗುತ್ತದೆ; ಆ ಭಾವನೆಯನ್ನು ಸಂಭಾಷಣೆಯಿಂದ ತಿದ್ದಲು ಸಾಧ್ಯವಿಲ್ಲ. ಪ್ರಸಂಗವನ್ನು ಬಿಟ್ಟರೂ ಆದೀತು, ಆದರೆ ಅದಕ್ಕಾಗಿ ಪಾತ್ರ ತೆತ್ತ ಬೆಲೆಯನ್ನು ಬಿಡಬಾರದು ಎಂದು ನಾನು ನಿಶ್ಚಯಿಸಿಕೊಂಡಿದ್ದು ಇಲ್ಲಿಯೇ. ತಾಯಿ ಗುಳೇದಗುಡ್ಡ ರೋಡ್ ರೈಲು ಠಾಣೆಯಿಂದ ಗದಗ, ಹುಬ್ಬಳ್ಳಿ ದಾಟಿ ಬೆಳಗಾವಿ ಮುಟ್ಟಬೇಕು. ಅದಕ್ಕಾಗಿ ನಮ್ಮ ಕಥೆಯ ಜೋ ಆದ ನೀಲವ್ವ ಸಾವುಕಾರನಿಂದ ಮುಂಗಡ ಹಣ ತರುತ್ತಾಳೆ. ಅದು ತೀರುವವರೆಗೆ ರಾತ್ರಿ ಅವನ ಮಗ್ಗಗಳಿಗೆ ಕಂಡಿಕೆ (ನೂಲಿನ ಸುರುಳಿ) ಸುತ್ತಿಕೊಡಬೇಕು. ಅವಳು ಕಥೆ ಬರೆಯುತ್ತಿದ್ದುದು ರಾತ್ರಿಯಲ್ಲಿಯೇ. ಈ ದೃಶ್ಯವನ್ನು ಓದಿ ಹೇಳಿದಾಗ, ಮುಂಗಡದ ಭಾರ ಬಲ್ಲ ನೇಕಾರ ಮನೆತನದ ಹಿರಿಯ ಹೆಣ್ಣುಮಗಳೊಬ್ಬರು ನಾನು ಬರೆದ ವಿವರಣೆಯ ಮಾತುಗಳಲ್ಲಿ ಅರ್ಧದಷ್ಟನ್ನು ತೆಗೆಸಿಹಾಕಿದರು. ಅವರ ಸಲಹೆಯಿಂದ ದೃಶ್ಯಕ್ಕೆ ಬಲ ಬಂತು.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಹಸ್ತಪ್ರತಿ ಸುಡುವ ಸನ್ನಿವೇಶದಲ್ಲಿ. ಮೂಲದಲ್ಲಿ ಅಕ್ಕಂದಿರು ನಾಟಕಕ್ಕೆ ಹೋಗುವಾಗ ಏಮಿಯನ್ನು ಬಿಟ್ಟುಹೋಗುತ್ತಾರೆ. ಆ ಸಿಟ್ಟಿಗೆ ಅವಳು ಜೋ ಬರೆದ ಕಥೆಗಳನ್ನು ಸುಡುತ್ತಾಳೆ. ಹೊಸ ಪ್ರತಿ ಮಾಡಿಕೊಂಡು ಹಳೆಯದನ್ನು ಜೋ ತಾನೇ ಹರಿದುಹಾಕಿರುವುದರಿಂದ ಬೇರೆ ಪ್ರತಿ ಉಳಿದಿಲ್ಲ. ನಮ್ಮಲ್ಲಿ ಇದಕ್ಕೆ ಬಾದಾಮಿಯ ಬನಶಂಕರಿ ಜಾತ್ರೆಗಿಂತ ತಕ್ಕ ಸಂದರ್ಭ ಇನ್ನೊಂದಿಲ್ಲ, ಏಕೆಂದರೆ ಅಲ್ಲಿ ಕಂಪನಿ ನಾಟಕಗಳು ಸಾಲಾಗಿ ಟೆಂಟು ಹಾಕುತ್ತವೆ. ಸುಡುವುದನ್ನು ನಾನು ತೋರಿಸಲಿಲ್ಲ. ಮರುದಿನ ನೀಲವ್ವ ತನ್ನ ಕಥೆಗಳ ವಹಿಗಾಗಿ ಹುಡುಕುತ್ತಿರುವಾಗ ತಾಯಿ ಎಂದಿನಂತೆ ಒಲೆಯ ಬೂದಿ ತೆಗೆಯುತ್ತಾಳೆ, ಬೂದಿಯಲ್ಲಿ ಹೊಲಿಗೆಯ ದಾರದ ಸಮೇತ ಉಳಿದ ರಟ್ಟಿನ ಒಂದು ಅಂಚು ಕಾಣುತ್ತದೆ. ಏಮಿಯ ಜಾಗದಲ್ಲಿರುವ ಕಿರಿಯವಳು ಗೌರಿಯ ಬಾಯಿಂದ ಬರುವುದು ಒಂದೇ ಮಾತು: “ಯಕ್ಕಾ, ನಾನ ಒಲಿಗೆ ಹಾಕೇನಿ.” ಇಲ್ಲಿ ಸಂಗೀತ ಬೇಡವೆಂದು ಚಿತ್ರಕಥೆಯಲ್ಲಿಯೇ ಬರೆದಿದ್ದೇನೆ. 1949ರ ಚಿತ್ರದಲ್ಲಿ ಬೆತ್‌ಳನ್ನು ಎಲ್ಲರಿಗಿಂತ ಕಿರಿಯಳನ್ನಾಗಿ ಮಾಡಿದ್ದರು. ನಾನು ವಯಸ್ಸಿನ ಕ್ರಮವನ್ನು ಬದಲಿಸಲು ಒಪ್ಪಲಿಲ್ಲ, ಎಲ್ಲರಿಗಿಂತ ಸಣ್ಣವಳೆಂದು ಪ್ರತಿ ಸಲವೂ ಹಿಂದೆ ಉಳಿಯಬೇಕಾದ ಸಂಕಟವೇ ಆ ಬೆಂಕಿಯ ಕಾರಣ.

ಮುಂದೆ ಮೂಲದಲ್ಲಿ ಏಮಿ ಹಿಮಗಟ್ಟಿದ ನದಿಯಲ್ಲಿ ಕುಸಿಯುತ್ತಾಳೆ. ನಮ್ಮಲ್ಲಿ ಗೌರಿ ಪಾಚಿಗಟ್ಟಿದ ಬಾವಿಯ ಮೆಟ್ಟಿಲಲ್ಲಿ ಜಾರುತ್ತಾಳೆ. ತಂಗಿ ಹಿಂದೆ ಬರುತ್ತಿರುವುದು ಅಕ್ಕನಿಗೆ ಗೊತ್ತಿದ್ದೂ ಅವಳು ಎಚ್ಚರಿಸಲಿಲ್ಲ ಎಂಬುದು ಮಾತ್ರ ಉಳಿಯಬೇಕಿತ್ತು, ಉಳಿದಿದೆ. ಮೂರನೆಯವಳ ಜ್ವರದ ಭಾಗವನ್ನು ಚಿಕ್ಕದಾಗಿಸಿದೆ.

ಕೊನೆಯ ಭಾಗದಲ್ಲಿ ಆಲ್ಕಾಟ್ ಅವರ ಹಟವನ್ನು ಗೌರವಿಸಿದೆ. ಓದುಗ ಹುಡುಗಿಯರು ಪತ್ರ ಬರೆದು ಬೇಡಿಕೊಂಡರೂ ಅವರು ನೆರೆಮನೆಯ ಹುಡುಗ ಲಾರಿಯೊಂದಿಗೆ ಜೋ ಮದುವೆಯಾಗುವಂತೆ ಬರೆಯಲಿಲ್ಲ. ನೀಲವ್ವ ಸಾವುಕಾರನ ಮೊಮ್ಮಗನನ್ನು ನಿರಾಕರಿಸುವ ದೃಶ್ಯಕ್ಕೆ ಪೂರ್ತಿ ಸಮಯ ಕೊಟ್ಟಿದ್ದೇನೆ. ಮುಂಗಡ ಕೊಟ್ಟ ಮನೆಗೇ ಇಲ್ಲ ಎನ್ನುವುದರಿಂದ ಆ ಮಾತು ಇಲ್ಲಿ ಇನ್ನಷ್ಟು ಕಠಿಣವಾಗುತ್ತದೆ. ಮೂಲದಲ್ಲಿ ಜೋ ಮದುವೆಯಾಗುವ ಪ್ರೊಫೆಸರ್ ಇಲ್ಲಿ ಮಾಸ್ತರರಾಗಿದ್ದಾರೆ; ಅವರೊಂದಿಗಿನ ಮದುವೆಯ ದೃಶ್ಯವನ್ನು ಮಾತ್ರ ಬರೆಯಲಿಲ್ಲ. ಸೋದರತ್ತೆ ಬಿಟ್ಟುಹೋದ ಮನೆಯಲ್ಲಿ ಶಾಲೆ ನಡೆದಿದೆ, ಅವರು ಪಾಠ ಹೇಳುತ್ತಿದ್ದಾರೆ, ನೀಲವ್ವ ಪಡಸಾಲೆಯಲ್ಲಿ ಹೊಸ ವಹಿ ಹೊಲಿಯುತ್ತಿದ್ದಾಳೆ. ಮದುವೆಯಾಗಿದೆ ಎಂಬುದು ಅವಳ ಕೊರಳಿನಿಂದ ನೋಡುಗರಿಗೆ ತಿಳಿಯುತ್ತದೆ.