ಆಗುಂಬೆಯಿಂದ ಹತ್ತಿ ಮಾಳದಲ್ಲಿ ಇಳಿಯುವ ಸುತ್ತು: ಕುದುರೆಮುಖದ ಅಂಚಿನಲ್ಲಿ ಮೌಂಟೇನ್ ಬೈಕ್ ಪ್ರಯಾಣದ ಯೋಜನೆ

ಉಡುಪಿ, ಮಣಿಪಾಲ, ಮಂಗಳೂರಿನ ಸೈಕಲ್ ಸವಾರರಿಗೆ ಕಡಲ ತಡಿಯ ಸಮತಟ್ಟು ದಾರಿಗಳು ಸಾಕೆನಿಸಿದ ಮೇಲೆ ಕಣ್ಣು ಘಟ್ಟದ ಕಡೆಗೆ ಹೊರಳುವುದು ಸಹಜ. ಆದರೆ ನಮ್ಮ ಪೂರ್ವಕ್ಕಿರುವ ಘಟ್ಟದ ಬಹುಭಾಗ ಸೋಮೇಶ್ವರ ವನ್ಯಜೀವಿ ಧಾಮಕ್ಕೋ 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೋ ಸೇರಿದ್ದು, ಅಲ್ಲಿ ಸೈಕಲ್ ತುಳಿಯುವ ಯೋಜನೆ ಕಾನೂನಿನಿಂದಲೇ ಆರಂಭವಾಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಪ್ರದೇಶದೊಳಗೆ ಹೋಗಲು ಅನುಮತಿ ಬೇಕು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿಯಿದೆ. ಹೀಗಾಗಿ ಸುತ್ತು ಕಠಿಣವಾಗಬೇಕಾದದ್ದು ಏರು, ಇಳಿತ ಮತ್ತು ದೂರದಿಂದಲೇ ಹೊರತು ಕಾಡಿನ ಕಾಲುದಾರಿಗಳಿಂದಲ್ಲ. ಮೊಬೈಲಿನ ಸೈಕ್ಲಿಂಗ್ ಆ್ಯಪ್‌ನಲ್ಲಿ ಯಾರೋ ತುಳಿದು ಹೋದ ಗೆರೆ ಕಾಣಿಸಿತೆಂಬ ಮಾತ್ರಕ್ಕೆ ಅಲ್ಲಿ ಹೋಗಲು ಅವಕಾಶವಿದೆ ಎಂದು ಅರ್ಥವಲ್ಲ. ಚಾರಣಕ್ಕೆ ಪಡೆದ ಅನುಮತಿಪತ್ರವೂ ನಡೆದು ಹೋಗುವವರಿಗಷ್ಟೇ ಅನ್ವಯಿಸುತ್ತದೆ ಎಂದೇ ತಿಳಿಯುವುದು ಒಳ್ಳೆಯದು.

ಈ ಮಿತಿಯೊಳಗೇ ಸೊಗಸಾದ ಸುತ್ತೊಂದು ಸಿಗುತ್ತದೆ: ಹೆಬ್ರಿಯಿಂದ ಹೊರಟು ಸೋಮೇಶ್ವರ, ಆಗುಂಬೆ, ಶೃಂಗೇರಿ, ನೆಮ್ಮಾರು, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಸೌತ್ ಕೆನರಾ, ಅಂದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ), ಮಾಳ, ಬಜಗೋಳಿ, ಕಾರ್ಕಳದ ಮೂಲಕ ಮತ್ತೆ ಹೆಬ್ರಿಗೆ. ಒಟ್ಟು ದೂರ ಸುಮಾರು 140ರಿಂದ 150 ಕಿ.ಮೀ. ಗಟ್ಟಿಗರು ಇದನ್ನು ಒಂದೇ ದಿನದಲ್ಲಿ ಮುಗಿಸಬಹುದಾದರೂ ಶೃಂಗೇರಿಯಲ್ಲಿ ರಾತ್ರಿ ತಂಗಿ ಎರಡು ದಿನ ಮಾಡುವುದೇ ವಿವೇಕ. ಆಯಾಸಕ್ಕಿಂತ ಕತ್ತಲೆ ಇದಕ್ಕೆ ಮುಖ್ಯ ಕಾರಣ. ಉದ್ಯಾನದ ನಡುವೆ ಸಂಜೆಯಾಗುವಂತೆ ಯಾವ ಯೋಜನೆಯನ್ನೂ ಹಾಕಬಾರದು.

ಯಾವ ಕಡೆಯಿಂದ ಸುತ್ತಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಆಗುಂಬೆ ಘಾಟಿ ಚಿಕ್ಕದು, ಕಡಿದು, ಇಕ್ಕಟ್ಟು. ಸೋಮೇಶ್ವರದಿಂದ ಹತ್ತು ಹನ್ನೆರಡು ಕಿ.ಮೀ. ಅಂತರದಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ದಾಟುತ್ತ ಸುಮಾರು 500 ಮೀಟರ್ ಮೇಲೇರಬೇಕು. ಇಂಥ ದಾರಿಯನ್ನು ಬೆಳಗಿನ ತಂಪಿನಲ್ಲಿ ಹತ್ತುವುದು ಹಿತ. ಬ್ರೇಕ್ ಹಿಡಿದು ಇಳಿಯುತ್ತ, ತಿರುವಿನಲ್ಲಿ ಇಡೀ ರಸ್ತೆ ಬಳಸಿಕೊಂಡು ಬರುವ ಮಿನಿ ಬಸ್ಸಿಗೆ ಎದುರಾಗುವುದು ಹಿತವಲ್ಲ. ಮಾಳದ ಕಡೆಯ ಇಳಿತವಾದರೋ ಉದ್ದವಾಗಿ ಹರಡಿಕೊಂಡಿದೆ. ಆದ್ದರಿಂದ ಆಗುಂಬೆಯಲ್ಲಿ ಹತ್ತಿ ಮಾಳದಲ್ಲಿ ಇಳಿಯುವ ಕ್ರಮವನ್ನೇ ನಾನು ಸೂಚಿಸುತ್ತೇನೆ. ಘಾಟಿಯಲ್ಲಿ ಮಂಗಗಳ ಕಾಟವಿರುವುದರಿಂದ ಹ್ಯಾಂಡಲಿಗೆ ಬಾಳೆಹಣ್ಣಿನ ಚೀಲ ನೇತುಹಾಕಬೇಡಿ. ಸೈಕಲ್ ನಿಧಾನವಾಗುವುದು ತಿರುವಿನಲ್ಲಿ, ಅವು ಕಾದು ಕೂರುವುದೂ ಅಲ್ಲಿಯೇ.

ಆಗುಂಬೆಯಿಂದ ಶೃಂಗೇರಿಗೆ ಮೂವತ್ತು ಕಿ.ಮೀ.ಗೆ ತುಸು ಕಡಿಮೆ. ನಕ್ಷೆಯಲ್ಲಿ ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕಾಣುತ್ತವೆ, ಆದರೆ ನಡುವಿನ ದಾರಿ ಅಡಿಕೆ ತೋಟದ ತಗ್ಗಿಗೆ ಇಳಿಯುತ್ತ ಮತ್ತೆ ಗುಡ್ಡ ಏರುತ್ತ ಸಾಗುತ್ತದೆ. ಶಾರದಾಂಬಾ ದೇವಸ್ಥಾನದಲ್ಲಿ ಮಧ್ಯಾಹ್ನದ ಪ್ರಸಾದ ಭೋಜನವಿದೆ. ಅಲ್ಲಿಯೇ ತಂಗುವವರು ತೃಪ್ತಿಯಾಗಿ ಉಣ್ಣಬಹುದು. ಅಂದೇ ಮುಂದಕ್ಕೆ ಹೋಗುವವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವ ಮೊದಲು ಕೆರೆಕಟ್ಟೆಯ ಏರನ್ನು ನೆನೆಸಿಕೊಳ್ಳಲಿ.

ಎರಡನೆಯ ದಿನ ಇಡೀ ಸುತ್ತಿನ ತಿರುಳು. ರಾಷ್ಟ್ರೀಯ ಹೆದ್ದಾರಿ 169 ಇಲ್ಲಿ ತುಂಗೆಯ ಹರಿವಿಗೆ ಎದುರಾಗಿ ನೆಮ್ಮಾರಿನ ಕಡೆಗೆ ಸಾಗಿ, ತನಿಕೋಡು ಚೆಕ್ ಪೋಸ್ಟಿನಿಂದ ಉದ್ಯಾನದೊಳಗೆ ಪ್ರವೇಶಿಸುತ್ತದೆ. ಚೆಕ್ ಪೋಸ್ಟಿನಲ್ಲಿ ನಿಂತು, ಸೈಕಲಿನಲ್ಲಿ ಮಾಳಕ್ಕೆ ಹೋಗುತ್ತಿರುವುದಾಗಿ ಹೇಳಿ, ಹೊರಬೀಳುವ ಸಮಯದ ನಿಯಮವನ್ನೂ ದಾರಿಯಲ್ಲಿ ಆ ದಿನ ಆನೆ ಕಂಡಿದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಕೆರೆಕಟ್ಟೆಯ ಸುತ್ತ ಕಾಡಾನೆಗಳ ಓಡಾಟವಿದೆ, ಕಾಟಿಗಳು ರಸ್ತೆ ದಾಟುವುದಿದೆ. ಕಾರಿನವರು ಅರ್ಧ ಗಂಟೆಯಲ್ಲಿ ದಾಟುವ ಏರಿನಲ್ಲಿ ಸೈಕಲ್ ಸವಾರನ ವೇಗ ಗಂಟೆಗೆ ಎಂಟು ಹತ್ತು ಕಿ.ಮೀ. ಮಾತ್ರ. ಈ ಲೆಕ್ಕ ಹಿಡಿದು, ಶೃಂಗೇರಿಯನ್ನು ಬೆಳಕು ಹರಿದೊಡನೆ ಬಿಟ್ಟು, ಮಧ್ಯಾಹ್ನ ಒಂದರೊಳಗೆ ಉದ್ಯಾನದಿಂದ ಹೊರಬೀಳುವ ಮಾಳದ ಗೇಟು ದಾಟುವಂತೆ ಸಮಯ ಹೊಂದಿಸಿಕೊಳ್ಳಿ. ಹನ್ನೊಂದು ಗಂಟೆಗೂ ತನಿಕೋಡು ಮುಟ್ಟಿಲ್ಲವಾದರೆ ಶೃಂಗೇರಿಗೆ ಹಿಂತಿರುಗಿ ಪಿಕಪ್ ವಾಹನ ಹಿಡಿಯುವುದೇ ಸರಿ. ಎಸ್.ಕೆ. ಬಾರ್ಡರಿನಲ್ಲಿ ಎಡಕ್ಕೆ ಹೊರಳುವ ಕುದುರೆಮುಖ–ಕಳಸದ ರಸ್ತೆ ಎಷ್ಟೇ ಕರೆದರೂ ಅದು ಬೇರೆಯೇ ಪ್ರಯಾಣ. ಈ ಭಾಗದಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ, ಮತ್ತು ಕನಿಷ್ಠ ಇಬ್ಬರಾದರೂ ಜೊತೆಗಿರಿ.

ಸೈಕಲಿನ ವಿಷಯದಲ್ಲಿ ಗೇರ್ ಮತ್ತು ಬ್ರೇಕ್ ಎರಡನ್ನು ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಮುಂದಿನ ಹಲ್ಲುಚಕ್ರ 32 ಹಲ್ಲಿನದಾದರೆ ಹಿಂದಿನ ದೊಡ್ಡದು 46ಕ್ಕೆ ಕಡಿಮೆಯಿರದಿದ್ದರೆ ಒಳ್ಳೆಯದು. ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ನೋಡಿ. ಲೋಹದ ತಗಡಿನ ಮೇಲಿನ ಪದರ ಒಂದು ಮಿಲಿಮೀಟರಿಗೆ ಇಳಿದಿದ್ದರೆ ಹೊರಡುವ ಮೊದಲೇ ಬದಲಿಸಿ. ಮಾಳದ ಇಳಿತದಲ್ಲಿ ಬ್ರೇಕನ್ನು ಸದಾ ಒತ್ತಿ ಹಿಡಿಯದೆ, ತಿರುವಿಗೆ ಮುಂಚೆ ಎರಡನ್ನೂ ಬಲವಾಗಿ ಒತ್ತಿ, ತಿರುವಿನೊಳಗೆ ಬಿಟ್ಟು ಸಾಗಿದರೆ ಬ್ರೇಕಿನ ಡಿಸ್ಕ್ ಅತಿಯಾಗಿ ಬಿಸಿಯಾಗುವುದಿಲ್ಲ. ಎರಡು ಟ್ಯೂಬ್, ಚೈನಿನ ಕೊಂಡಿ, ಡಿರೈಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು), ತಲಾ ಮೂರು ಲೀಟರ್ ನೀರು ಜೊತೆಗಿರಲಿ.

ಕಾಲ ದೀಪಾವಳಿಯ ನಂತರದಿಂದ ಫೆಬ್ರವರಿಯವರೆಗೆ. ಆಗುಂಬೆಯ ಮಳೆ ವರ್ಷಕ್ಕೆ 7,000 ಮಿ.ಮೀ. ಮೀರುವಂಥದ್ದು, ಮಳೆಗಾಲದಲ್ಲಿ ಗುಡ್ಡ ಕುಸಿತ, ಮಂಜು, ಪಾಚಿಗಟ್ಟಿದ ರಸ್ತೆಯಂಚು ಎಲ್ಲವೂ ಒಟ್ಟಿಗೇ ಎದುರಾಗುತ್ತವೆ, ಉಂಬಳಗಳ ಮಾತು ಬಿಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆಯ ನಿರ್ಬಂಧಗಳು ಬಿಗಿಯಾಗುತ್ತವೆ.

ಮಣ್ಣಿನ ದಾರಿಯ ಆಸೆಯಿದ್ದವರು ಅದನ್ನು ಕೊನೆಗೆ, ಕಾರ್ಕಳದಿಂದ ಅಜೆಕಾರು, ಮುದ್ರಾಡಿ ಮಾರ್ಗವಾಗಿ ಹೆಬ್ರಿಗೆ ಮರಳುವಾಗ ತೀರಿಸಿಕೊಳ್ಳಬಹುದು. ಊರುಗಳ ನಡುವಿನ ಒಳರಸ್ತೆಗಳಲ್ಲಿ ಮುರಕಲ್ಲಿನ ಪುಡಿ ಹರಡಿರುವುದರಿಂದ ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿಕೊಳ್ಳಿ. ದಾರಿ ಯಾರದಾದರೂ ಅಂಗಳಕ್ಕೋ ತೋಟದ ಗೇಟಿಗೋ ಮುಟ್ಟಿದರೆ ಇಳಿದು ಮನೆಯವರನ್ನು ಕೇಳಿಯೇ ಮುಂದುವರಿಯಿರಿ.