ವಿದೇಶಿ ವಿಶ್ವವಿದ್ಯಾಲಯದ ಜೊತೆ ಸರ್ಕಾರಿ ಅನುದಾನದ ಸಂಶೋಧನೆ: ನಾವು ಮಾಡುವ ಕ್ರಮ

ಹೊರದೇಶದ ವಿಶ್ವವಿದ್ಯಾಲಯದ ಜೊತೆ ಸೇರಿ ಸಂಶೋಧನೆ ಮಾಡಬೇಕೆಂದರೆ ನಮ್ಮಲ್ಲಿ ಮೊದಲು ಎಂಒಯು (ಎರಡು ಸಂಸ್ಥೆಗಳ ನಡುವಿನ ಒಪ್ಪಂದ ಪತ್ರ) ಸಹಿಗೆ ಓಡಾಡುತ್ತಾರೆ. ಎಂಒಯುಗೆ ಯಾರೂ ಹಣ ಕೊಡುವುದಿಲ್ಲ. ಹಣ ಬರುವುದು ಇಬ್ಬರು ಅಧ್ಯಾಪಕರು ಸೇರಿ ಬರೆದ ಪ್ರಸ್ತಾವನೆಗೆ. ಹಾಗಾಗಿ ಮೊದಲು ಅಲ್ಲಿನ ಆ ಇನ್ನೊಬ್ಬ ಅಧ್ಯಾಪಕರು ಸಿಗಬೇಕು, ಅವರ ಜೊತೆ ಒಂದು ಸಣ್ಣ ಕೆಲಸ ಮುಗಿದಿರಬೇಕು.

ಅದಕ್ಕೆ ಒಳ್ಳೆಯ ದಾರಿ ಕೇಂದ್ರ ಸರ್ಕಾರದ ಗಿಯಾನ್. 2015ರಲ್ಲಿ ಬಂದ, ಐಐಟಿ ಖರಗ್‌ಪುರ ಸಂಯೋಜಿಸುವ ಈ ಯೋಜನೆಯಲ್ಲಿ ವಿದೇಶಿ ಪ್ರಾಧ್ಯಾಪಕರನ್ನು ನಮ್ಮ ಕ್ಯಾಂಪಸ್ಸಿಗೇ ಕರೆಸಿ ಪಾಠ ಮಾಡಿಸಬಹುದು. ಆರಂಭದಲ್ಲಿ ಗೊತ್ತುಮಾಡಿದ ದರ 12ರಿಂದ 14 ಗಂಟೆಯ ಕೋರ್ಸಿಗೆ 8,000 ಡಾಲರ್‌ವರೆಗೆ, 20ರಿಂದ 28 ಗಂಟೆಗೆ 12,000 ಡಾಲರ್‌ವರೆಗೆ; ಅವರ ಪ್ರಯಾಣವೂ ಅದರಲ್ಲೇ. ಪಾಠ ಬೆಳಿಗ್ಗೆ ಮುಗಿದರೆ ಮಧ್ಯಾಹ್ನ ಪಿಎಚ್‌ಡಿ ವಿದ್ಯಾರ್ಥಿಗಳ ದತ್ತಾಂಶ ಹರಡಿಕೊಂಡು ಕೂರಬಹುದು. ಜಂಟಿ ಪ್ರಶ್ನೆ ಹುಟ್ಟುವುದು ಅಲ್ಲಿ. ಆಮೇಲೆ ಅರ್ಜಿ ಹಾಕುವುದು ಜಂಟಿ ಸಂಶೋಧನೆಗೆ ಹಣ ಕೊಡುವ, 2018ರಲ್ಲಿ ಬಂದ ಕೇಂದ್ರದ ಸ್ಪಾರ್ಕ್ ಯೋಜನೆಗೆ, ಇಲ್ಲವೇ ಡಿಎಸ್‌ಟಿ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಇನ್ನೊಂದು ದೇಶದ ಜೊತೆ ಸೇರಿ ಅರ್ಜಿ ಕರೆಯುವ ದ್ವಿಪಕ್ಷೀಯ ಕರೆಗಳಿಗೆ, ಫ್ರಾನ್ಸಿನವರಾದರೆ 1987ರಿಂದ ಇರುವ ಭಾರತ-ಫ್ರಾನ್ಸ್ ಸಂಶೋಧನಾ ಕೇಂದ್ರ ಸೆಫಿಪ್ರಾಗೆ.

ದ್ವಿಪಕ್ಷೀಯ ಕರೆಯಲ್ಲಿ ಇಬ್ಬರೂ ತಮ್ಮ ತಮ್ಮ ದೇಶದ ಸಂಸ್ಥೆಗೆ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು. ಒಂದು ಕಡೆಯದು ಬರದಿದ್ದರೆ ಇನ್ನೊಂದೂ ಬಿದ್ದುಹೋಗುತ್ತದೆ. ಶೀರ್ಷಿಕೆ, ಹೆಸರುಗಳು, ಅವಧಿ, ಯಾರು ಯಾವಾಗ ಪ್ರಯಾಣಿಸುತ್ತಾರೆಂಬ ಕೋಷ್ಟಕ ಎರಡರಲ್ಲೂ ಒಂದೇ ಇರಬೇಕು. ಕಡೆಯ ವಾರ ಕೋಷ್ಟಕ ತಿದ್ದಿ ಇನ್ನೊಬ್ಬರಿಗೆ ಕಳಿಸದಿರುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು. ಕರೆಯ ಕೊನೆಯ ದಿನಕ್ಕಿಂತ ಮೂರು ವಾರ ಮೊದಲು ಕೋಷ್ಟಕಕ್ಕೆ ಬೀಗ ಹಾಕುತ್ತೇವೆ. ಅವರ ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಗೂ ತನ್ನದೇ ಆದ ಗಡುವು ಇರುತ್ತದೆ, ಮೊದಲೇ ಕೇಳಿಕೊಳ್ಳಿ.

ನಿಜವಾದ ಕಷ್ಟ ಹಣದ ಕ್ಯಾಲೆಂಡರಿನದು. ನಮ್ಮ ಲೆಕ್ಕ ಮಾರ್ಚ್ 31ಕ್ಕೆ ಮುಗಿದರೆ ಜರ್ಮನಿಯದು ಡಿಸೆಂಬರ್ 31ಕ್ಕೆ. ಮಂಜೂರಾತಿ ಪತ್ರದ ದಿನಾಂಕಕ್ಕೆ ಮುಂಚೆ ಮಾಡಿದ ಖರ್ಚನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ, ಆದ್ದರಿಂದ ಅಗ್ಗವೆಂದು ಟಿಕೆಟ್ ಮೊದಲೇ ತೆಗೆಯಬೇಡಿ. ಮುಂದಿನ ಕಂತು ಬರುವುದು ಕೊಟ್ಟ ಹಣ ಹೇಗೆ ಖರ್ಚಾಯಿತೆಂದು ತೋರಿಸುವ, ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯ ವಿನಿಯೋಗ ಪ್ರಮಾಣಪತ್ರ ಕೊಟ್ಟ ಮೇಲೆ. ಅನುದಾನದ ಮೇಲೆ ಬಡ್ಡಿ ಬಂದಿದ್ದರೆ ಅದನ್ನು ಸರ್ಕಾರಕ್ಕೆ ತಿರುಗಿ ಕಟ್ಟಬೇಕು. ಪ್ರಯಾಣದ ಬಾಬ್ತಿನ ಹಣವನ್ನು ರಾಸಾಯನಿಕ ಕೊಳ್ಳಲು ತಿರುಗಿಸಬೇಕಾದರೆ ಮೊದಲು ಲಿಖಿತ ಅನುಮತಿ ಬೇಕು. ಹೀಗಾಗಿ ಭೇಟಿಗಳನ್ನು ಸೆಪ್ಟೆಂಬರಿನಿಂದ ಜನವರಿಯೊಳಗೆ ಇಡುತ್ತೇವೆ. ಏಪ್ರಿಲ್, ಮೇನಲ್ಲಿ ಕೈಗೆ ಹಣ ಇರುತ್ತದೆಂಬ ಭರವಸೆ ಇಲ್ಲ. ಅಲ್ಲಿಗೆ ಹೋಗಬೇಕಾದ ವಿದ್ಯಾರ್ಥಿಯ ಪಾಸ್‌ಪೋರ್ಟ್ ಪ್ರಸ್ತಾವನೆ ಬರೆಯುವಾಗಲೇ ಸಿದ್ಧವಿರಲಿ. ಮನೆಯಲ್ಲಿ ಮೊದಲ ತಲೆಮಾರಿಗೆ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ ಅದು ಇರುವುದಿಲ್ಲ, ಆ ಒಂದೇ ಕಾರಣಕ್ಕೆ ಯೋಗ್ಯರಾದವರು ಹಿಂದೆ ಉಳಿಯಬಾರದು.

ಮಾದರಿಗಳನ್ನು ಹೊರಗೆ ಕಳಿಸುವುದಿದ್ದರೆ ಇನ್ನೂ ಎಚ್ಚರ ಬೇಕು. ಪಶ್ಚಿಮ ಘಟ್ಟದ ಒಂದು ಎಲೆ, ಒಂದು ಚಿಟಿಕೆ ಮಣ್ಣಿನ ಸೂಕ್ಷ್ಮಜೀವಿ ಕೂಡ 2002ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕೇಂದ್ರ ಸರ್ಕಾರ ಅನುಮೋದಿಸಿದ, ಅದರ ಮಾರ್ಗಸೂಚಿಗೆ ಒಪ್ಪುವ ಜಂಟಿ ಯೋಜನೆಗೆ 5ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಅದಿಲ್ಲದಿದ್ದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಅಭಯಾರಣ್ಯದಿಂದ ತರುವುದಾದರೆ ಅರಣ್ಯ ಇಲಾಖೆಯ ಪರವಾನಗಿ ಬೇರೆ. ಮನುಷ್ಯರ ರಕ್ತ, ಅಂಗಾಂಶವಾದರೆ ನೈತಿಕ ಸಮಿತಿಯ ಜೊತೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಇವುಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಾಧ್ಯವಾದ ಕಡೆಯೆಲ್ಲ ಮಾದರಿಯನ್ನು ಇಲ್ಲೇ ಪರೀಕ್ಷಿಸಿ, ದತ್ತಾಂಶವನ್ನಷ್ಟೇ ಕಳಿಸುವಂತೆ ಕೆಲಸವನ್ನು ಹಂಚಿಕೊಳ್ಳುವುದು ನನಗೆ ಸರಿ ಕಾಣುತ್ತದೆ. ನಮ್ಮ ಪ್ರಯೋಗಾಲಯವೂ ಅದರಿಂದ ಬೆಳೆಯುತ್ತದೆ.

ಈಗ ಎಂಒಯು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪಿ ಕುಲಸಚಿವರು ಸಹಿ ಹಾಕುವ ಆ ಪತ್ರಕ್ಕೆ ಒಂದು ಪುಟದ ಅನುಬಂಧ ಸೇರಿಸುತ್ತೇವೆ: ಮೂಲ ದತ್ತಾಂಶದ ಪ್ರತಿ ಎರಡೂ ಕಡೆ ಇರಬೇಕು, ಮಾದರಿ ಸಂಗ್ರಹಿಸಿದ ವಿದ್ಯಾರ್ಥಿಯ ಹೆಸರು ಲೇಖನದಲ್ಲಿ ಎಲ್ಲಿ ಬರುತ್ತದೆ, ಪೇಟೆಂಟ್ ಬಂದರೆ ಪಾಲು ಎಷ್ಟು, ಒಬ್ಬರು ಕೆಲಸ ಬದಲಿಸಿದರೆ ಯಾರು ಮುಂದುವರಿಸುತ್ತಾರೆ. ಈ ಕೊನೆಯದನ್ನು ಬಹುಮಂದಿ ಬರೆಯುವುದಿಲ್ಲ. ಅಲ್ಲಿನ ಪ್ರಾಧ್ಯಾಪಕರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ದಿನ ಯೋಜನೆ ನಿಂತುಹೋಗುತ್ತದೆ, ಆದ್ದರಿಂದ ಎರಡೂ ಕಡೆ ಒಬ್ಬೊಬ್ಬ ಸಹ-ಸಂಶೋಧಕರ ಹೆಸರನ್ನು ಮೊದಲ ಅರ್ಜಿಯಲ್ಲೇ ಹಾಕಿ.