ಚಿಟ್ಟಿಗೆ ಬಿದ್ದ ಓರೆ ಬೆಳಕು: ಫಿಲ್ಮ್ ಕ್ಯಾಮೆರಾ ಮತ್ತು ಒಂದೇ ಫ್ಲ್ಯಾಶ್

ಯಕ್ಷಗಾನದ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಗಳನ್ನು ಮಾಡುವ ಬಣ್ಣದ ವೇಷಧಾರಿಗಳು ಮುಖದ ಮೇಲೆ ಇಡುವ ಚಿಟ್ಟಿಯನ್ನು, ಅಂದರೆ ಮುಳ್ಳಿನಂತೆ ಎದ್ದ ಬಿಳಿ ಚುಕ್ಕೆಗಳ ಸಾಲನ್ನು, ಅದರ ಒಂದೊಂದು ಮುಳ್ಳೂ ಬೇರೆಬೇರೆಯಾಗಿ ಕಾಣುವಂತೆ ಫಿಲ್ಮಿನಲ್ಲಿ ಹಿಡಿಯುವುದಕ್ಕೆ ನನಗೆ ಮೇಳದ ಮೂರು ತಿರುಗಾಟಗಳು (ವರ್ಷಕ್ಕೊಂದು ಆಟದ ಋತು) ಬೇಕಾದವು. ತೆಗೆದ ಚಿತ್ರವನ್ನು ಅಲ್ಲಿಯೇ ನೋಡಿ ತಿದ್ದಿಕೊಳ್ಳಲಾಗದ ಕ್ಯಾಮೆರಾಕ್ಕೆ ಫ್ಲ್ಯಾಶ್ ಕಟ್ಟಿಕೊಂಡು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೋಗುವುದು ದುಡ್ಡು ಸುಡುವ ಕೆಲಸವೆಂದು ಜೊತೆಯ ಛಾಯಾಗ್ರಾಹಕರು ಹೇಳುತ್ತಲೇ ಇದ್ದರು. ಮೊದಲ ತಿರುಗಾಟದಲ್ಲಿ ಅವರ ಮಾತು ನಿಜವೇ ಆಯಿತು.

ಕ್ಯಾಮೆರಾ ನಿಕಾನ್ ಎಫ್‌ಎಂ2. ಫ್ಲ್ಯಾಶ್ ವಿವಿಟಾರ್ 285 ಎಚ್‌ವಿ. ಅದನ್ನು ಹಳೆಯದಾಗಿ ಸುಮಾರು 2,500 ರೂಪಾಯಿಗೆ ಕೊಂಡೆ. ಅದಕ್ಕೂ ಮೊದಲು ಕೊಂಡಿದ್ದ ಇನ್ನೊಂದು ಫ್ಲ್ಯಾಶ್ ಮೂರೇ ತಿಂಗಳಲ್ಲಿ ಸತ್ತಿತ್ತು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಫ್ಲ್ಯಾಶನ್ನು ತಂದ ದಿನವೇ ಪಟಪಟನೆ ಹೊಡೆಯಬಾರದು, ಚಾರ್ಜ್ ಮಾಡಿ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರನ್ನು ಎಬ್ಬಿಸಿಕೊಳ್ಳಬೇಕು ಎಂಬುದು ನನಗೆ ತಿಳಿದದ್ದು ಆಮೇಲೆ.

ಮೊದಲ ರೋಲಿನಲ್ಲಿ ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೆಯೇ ಕೂರಿಸಿ, ಮರಳಿ ಬಂದ ಬೆಳಕನ್ನು ಅದರ ಸೆನ್ಸರೇ ಅಳೆದು ನಿಲ್ಲಿಸುವ ಆಟೋ ಕ್ರಮದಲ್ಲಿಟ್ಟು ಹೊಡೆದೆ. ಕಿರೀಟ ಕಟ್ಟಿ ಮುಗಿದಿದ್ದ ವೇಷಗಳಲ್ಲಿ ಕನ್ನಡಿ ಚೂರುಗಳೂ ಚಿನ್ನದ ಬಣ್ಣದ ಬೇಗಡೆಯೂ ಬೆಳಕನ್ನು ಹಿಂದಕ್ಕೆ ಎಸೆದದ್ದರಿಂದ ಸೆನ್ಸರ್ ಮೋಸಹೋಗಿ ಬೇಗನೆ ಬೆಳಕು ನಿಲ್ಲಿಸಿತು, ಮುಖಗಳೆಲ್ಲ ಮಂಕಾದವು. ಚಿಟ್ಟಿ ಇಡುತ್ತಿದ್ದವರ ಚಿತ್ರಗಳಲ್ಲಿ ಬೆಳಕೇನೋ ಸಾಕಷ್ಟಿತ್ತು. ಆದರೆ ಅಕ್ಕಿಹಿಟ್ಟು ಮತ್ತು ಸುಣ್ಣದಿಂದ ಗಂಟೆಗಟ್ಟಲೆ ಕುಳಿತು ಎಬ್ಬಿಸಿದ ಆ ಮುಳ್ಳುಗಳು ನೇರ ಬೆಳಕಿಗೆ ಚಪ್ಪಟೆಯಾಗಿ, ಮುಖಕ್ಕೆ ಬಿಳಿ ಬಣ್ಣ ಬಳಿದಂತೆ ಕಂಡವು. ನನಗೆ ಬಹಳ ನೋವಾದದ್ದು ಅದಕ್ಕೆ.

ಎರಡನೆಯ ಪ್ರಯತ್ನದಲ್ಲಿ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿದೆ. ಚೌಕಿಯ ಮೇಲ್ಛಾವಣಿ ನೀಲಿ ಟಾರ್ಪಾಲು. ಇಡೀ ರೋಲಿನಲ್ಲಿ ಎಲ್ಲರ ಮುಖವೂ ನೀಲಿಯಾಗಿ ಬಂತು. ಸ್ಕ್ಯಾನ್ ಮಾಡಿದ ಲ್ಯಾಬಿನವರು ಅದನ್ನು ತಮ್ಮಷ್ಟಕ್ಕೆ ತಿದ್ದಲು ಹೋಗಿ, ಬಣ್ಣಗಾರಿಕೆಯ ಕೆಂಪನ್ನು ಇಟ್ಟಿಗೆಯ ಬಣ್ಣ ಮಾಡಿ ಕಳಿಸಿದರು. ಆಗ ಕೊಡಕ್ ಗೋಲ್ಡ್ 200 ರೋಲಿಗೆ 1,100 ರೂಪಾಯಿ, ಡೆವಲಪ್ ಮತ್ತು ಸ್ಕ್ಯಾನಿಗೆ 600ರ ಆಸುಪಾಸು. ನಾಲ್ಕು ರೋಲು ಹಾಳಾಗುವಷ್ಟರಲ್ಲಿ ಏಳು ಸಾವಿರ ಹೋಗಿತ್ತು.

ಕೊನೆಗೆ ಕೈಹಿಡಿದದ್ದು ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿದ್ದು. ಕ್ಯಾಮೆರಾಕ್ಕೂ ಫ್ಲ್ಯಾಶಿಗೂ ನಡುವೆ ಸುಮಾರು ಎರಡು ಮೀಟರ್ ಸಿಂಕ್ ಕೇಬಲ್ ಹಾಕಿ, ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿ ಪೂರ್ತಿ ಬಲದ 1/16ಕ್ಕೆ ಇಳಿಸಿ, ಅದರ ಮುಂದೆ ಬಿಳಿ ಪಂಚೆಯ ಒಂದು ಪದರ ಹಿಡಿದು, ಕಲಾವಿದರ ಕಿವಿಯ ನೇರಕ್ಕೆ, ಮುಖದಿಂದ ಸುಮಾರು ನಾಲ್ಕು ಅಡಿ ದೂರದಲ್ಲಿ ಪಕ್ಕಕ್ಕೆ ಇಟ್ಟೆ. ಗೈಡ್ ನಂಬರಿನ (ಫ್ಲ್ಯಾಶಿನ ಬಲ ಹೇಳುವ ಸಂಖ್ಯೆ) ಲೆಕ್ಕ ಹಾಕಿದರೆ ಲೆನ್ಸಿನ ತೆರವು ಪಂಚೆಯಿಲ್ಲದೆ ಎಫ್/11ರ ಹತ್ತಿರ ಬರುತ್ತದೆ. ಪಂಚೆ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಕಡಿಮೆಯೆಂದರೆ ಬೆಳಕು ಅರ್ಧ) ನುಂಗುವುದರಿಂದ ನಾನು ಎಫ್/5.6 ಇಡುತ್ತೇನೆ. ಅಳತೆಯಲ್ಲಿ ಅನುಮಾನ ಬಂದರೆ ಇನ್ನೂ ಒಂದು ಸ್ಟಾಪ್ ಹೆಚ್ಚು ಕೊಡುತ್ತೇನೆ, ಏಕೆಂದರೆ ಕಲರ್ ನೆಗೆಟಿವ್ ಹೆಚ್ಚಿನ ಬೆಳಕನ್ನು ತಾಳಿಕೊಳ್ಳುತ್ತದೆ, ಕೊರತೆಯನ್ನು ತಾಳುವುದಿಲ್ಲ. ಶಟರನ್ನು 1/30 ಸೆಕೆಂಡಿಗೆ ಇಟ್ಟರೆ ಚೌಕಿಯ ಬಲ್ಬಿನ ಹಳದಿ ಬೆಳಕು ಹಿನ್ನೆಲೆಯಲ್ಲಿ ಉಳಿದುಕೊಳ್ಳುತ್ತದೆ, ಚಿಟ್ಟಿ ಇಡುವ ಕೈಯನ್ನು ಫ್ಲ್ಯಾಶ್ ನಿಲ್ಲಿಸಿ ತೋರಿಸುತ್ತದೆ. ಪಂಚೆಯನ್ನು ಹೇಗೆ ಮಡಚಿ ಯಾವ ಚೌಕಟ್ಟಿಗೆ ಕಟ್ಟುತ್ತೇನೆ ಎಂಬುದನ್ನು ನಾನು ಸದ್ಯಕ್ಕೆ ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಒಮ್ಮೆ ಕೇಬಲಿನ ತುದಿ ಸಡಿಲವಾಗಿ ಒಂಬತ್ತು ಫ್ರೇಮುಗಳು ಕತ್ತಲಾದವು. ಇನ್ನೊಮ್ಮೆ ಕತ್ತಲಲ್ಲಿ ಶಟರ್ ಡಯಲ್ ಫ್ಲ್ಯಾಶಿಗೆ ಹೊಂದದಷ್ಟು ವೇಗದ 1/500ಕ್ಕೆ ಸರಿದದ್ದು ಗೊತ್ತಾಗದೆ, ಚಿತ್ರದ ಉದ್ದನೆಯ ಅಂಚಿಗೆ ಕಪ್ಪು ಪಟ್ಟಿ ಬಿತ್ತು. ಈಗ ಫಿಲ್ಮ್ ಹಾಕುವ ಮೊದಲು ಹಿಂಬಾಗಿಲು ತೆರೆದು, ಲೆನ್ಸನ್ನು ಪೂರ್ತಿ ತೆರೆದಿಟ್ಟು, ಬಿಳಿ ಗೋಡೆಯ ಕಡೆಗೆ ಒಂದು ಸಲ ಹೊಡೆದು ನೋಡುತ್ತೇನೆ. ಇಡೀ ಚೌಕ ಒಮ್ಮೆಲೇ ಬೆಳಗಿದರೆ ಮಾತ್ರ ರೋಲನ್ನು ಬಿಚ್ಚುತ್ತೇನೆ.

ನಡುವೆ ರಂಗಸ್ಥಳದ ಕುಣಿತವನ್ನೂ ಹೀಗೆಯೇ ಹಿಡಿಯಲು ಹೋದೆ. ಡಯಲನ್ನು ‘ಬಿ’ಗೆ ಇಟ್ಟು, ಗುಂಡಿ ಒತ್ತಿರುವಷ್ಟು ಹೊತ್ತೂ ಶಟರನ್ನು ತೆರೆದಿಟ್ಟು, ಧೀಂಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುತ್ತಿದ್ದ ಪುಂಡುವೇಷಕ್ಕೆ (ತರುಣ ವೀರನ ಪಾತ್ರ) ಮೂರು ಸಲ ಫ್ಲ್ಯಾಶ್ ಕೊಟ್ಟೆ. ರಂಗಸ್ಥಳದ ದೀಪಗಳೇ ಫಿಲ್ಮನ್ನು ತುಂಬಿಬಿಟ್ಟವು, ವೇಷ ಹೊಗೆಯಾಗಿ ಉಳಿಯಿತು. ಆಟದ ನಡುವೆ ಕಲಾವಿದರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದು ತಪ್ಪು ಎಂದೂ ಆ ರಾತ್ರಿ ನನಗೆ ಅನ್ನಿಸಿತು, ಮತ್ತೆ ಮಾಡಿಲ್ಲ. ಚೌಕಿಯಲ್ಲಿಯೂ ಮೊದಲೇ ಕೇಳಿಕೊಂಡು, ಒಬ್ಬರ ಮುಂದೆ ಮೂರು ನಾಲ್ಕು ಫ್ರೇಮು ಮಾತ್ರ. ಪೂಜೆಯ ಹೊತ್ತಿಗೆ ಕ್ಯಾಮೆರಾ ಚೀಲದಲ್ಲಿರುತ್ತದೆ.

ಕಳೆದ ತಿರುಗಾಟದ ಕೊನೆಯ ರೋಲಿನಲ್ಲಿ 36ಕ್ಕೆ 27 ಫ್ರೇಮುಗಳು ಮುದ್ರಿಸಬಹುದಾದಷ್ಟು ಚೆನ್ನಾಗಿ ಬಂದವು. ಅವುಗಳಲ್ಲಿ ಒಂದನ್ನು ದೊಡ್ಡದಾಗಿ ಮುದ್ರಿಸಿ, ಅದರಲ್ಲಿರುವ ಕಲಾವಿದರಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಎಡಗೆನ್ನೆಯ ಮೇಲೆ ಬೆರಳಿಟ್ಟು, “ಇಲ್ಲಿ ನೋಡಿ, ಈ ಸಾಲಿನಲ್ಲಿ ಒಂದು ಮುಳ್ಳು ವಾಲಿದೆ, ಆವತ್ತು ಕನ್ನಡಿಯಲ್ಲಿ ನನಗೇ ಕಂಡಿರಲಿಲ್ಲ” ಎಂದರು. ಅನುಮಾನಪಟ್ಟಿದ್ದ ಸ್ನೇಹಿತರಲ್ಲಿ ಇಬ್ಬರು ಈಗ ಸಿಂಕ್ ಕೇಬಲ್ ಎಲ್ಲಿ ಸಿಗುತ್ತದೆಂದು ನನ್ನನ್ನೇ ಕೇಳುತ್ತಾರೆ.

ಬಲ್ಬಿನ ಬದಲು ಎಲ್‌ಇಡಿ ಹಾಕಿರುವ ಚೌಕಿಗಳಲ್ಲಿ ಮಾತ್ರ ಹಿನ್ನೆಲೆಗೆ ತಿಳಿ ಹಸಿರು ಇನ್ನೂ ಬರುತ್ತಿದೆ. ಮುಂದಿನ ತಿರುಗಾಟಕ್ಕೆ ಫ್ಲ್ಯಾಶಿನ ಮುಂದೆಯೂ ಅಷ್ಟೇ ತೆಳುವಾದ ಹಸಿರು ಹಾಳೆ ಕಟ್ಟಿ, ಎರಡರ ಹಸಿರನ್ನೂ ಸ್ಕ್ಯಾನಿನಲ್ಲಿ ಒಟ್ಟಿಗೆ ತೆಗೆದು ನೋಡಬೇಕೆಂದು ಎರಡು ರೋಲು ಎತ್ತಿಟ್ಟಿದ್ದೇನೆ.